ಅವಳೇ ಕರೆಯಲಿ

ತಾಲಾಯ್‌ನ ಫೋನ್ ಸರೋವರಕ್ಕೆ ಬಿತ್ತೆಂದು ಸೈಕಾಲ್ ಹೇಳಿದ್ದು ಶುದ್ಧ ಸುಳ್ಳು. ಅದು ಅವಳ ಜಾಕೆಟ್ಟಿನ ಜೇಬಿನಲ್ಲೇ ಉಬ್ಬಿಕೊಂಡಿತ್ತು. ಚುಕ್ಕಾಣಿ ಹಿಡಿದ ಕುಬಾತ್ ಬೇರೆ, ಬೆಳಗ್ಗೆಯಿಂದ ಒಂದೂ ಪೋಲಿ ಜೋಕು ಹೇಳಿರಲಿಲ್ಲ. ಗೆಳೆಯರು ಮೂವರೂ ಭಾನುವಾರ ಸಂಜೆಯ ತನಕ ಇಸಿಕ್-ಕುಲ್ ಸರೋವರದ ಮೇಲೆ ಹಾಯಿದೋಣಿ ಓಡಿಸುವುದೆಂದು ಬಂದವರು. ಈಗ ನೋಡಿದರೆ ದೋಣಿ ದಕ್ಷಿಣ ದಡಕ್ಕೆ ಮುಖ ಮಾಡಿತ್ತು.

"ಎಲ್ಲಿಗೋ ಇದು?" ತಾಲಾಯ್ ಕೇಳಿದ.

"ಗಾಳಿ ಎಲ್ಲಿಗೆ ಕರ್ಕೊಂಡ್ಹೋಗುತ್ತೋ ಅಲ್ಲಿಗೆ," ಎಂದ ಕುಬಾತ್, ಅವನತ್ತ ನೋಡದೆ.

ಗಾಳಿ ಎದುರಿನಿಂದ ಬೀಸುತ್ತಿತ್ತು.

ದಕ್ಷಿಣ ದಡದಲ್ಲಿ ತಾಲಾಯ್‌ನ ಹಳ್ಳಿ, ಹಳ್ಳಿಯಲ್ಲಿ ಅವನ ತಾಯಿ. ಅಪ್ಪ ಬಿಟ್ಟುಹೋದ ಕುರಿಮಂದೆಯನ್ನು ಅವನು ಮಾರಿ ಹಣವನ್ನೆಲ್ಲ ಈ ದೋಣಿಗೆ ಸುರಿದಾಗ ತಾಯಿ-ಮಗನಿಗೆ ಮಾತು ಮುರಿದಿತ್ತು. "ನೀನಾಗಿ ಕರೆಯೋ ತನಕ ಈ ಹೊಸ್ತಿಲು ತುಳಿಯಲ್ಲ," ಎಂದು ಬಂದಿದ್ದ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಕರೆದಿರಲಿಲ್ಲ, ಅವನು ಹೋಗಿರಲಿಲ್ಲ.

ಆದರೆ ಇಂದು ನಸುಕಿನಲ್ಲಿ ಏನೋ ಆಗಿತ್ತು. ಉಳಿದಿಬ್ಬರೂ ಮಲಗಿದ್ದಾಗ ನೀರಿನ ಮೇಲಿಂದ ದನಿಯೊಂದು ಬಂದಿತ್ತು: "ಬೋತೊಮ್!" ನನ್ನ ಒಂಟೆಮರಿ ಎಂದು. ಹಾಗೆ ಅವನನ್ನು ಕರೆಯುವವಳು ಲೋಕದಲ್ಲಿ ಒಬ್ಬಳೇ. ಎದ್ದು ನೋಡಿದರೆ ಬರೀ ನೀರು. ಆ ದನಿ ಇನ್ನೂ ಕಿವಿ ಬಿಟ್ಟಿರಲಿಲ್ಲ. ಸೈಕಾಲ್‌ಳನ್ನು ಎಬ್ಬಿಸಿ ಹೇಳಿದಾಗ ಅವಳು ನಕ್ಕಿದ್ದಳು. "ತಳದಲ್ಲಿ ಮುಳುಗಿದ ಊರಿದೆಯಲ್ಲ, ಅಲ್ಲಿಯವರು ಕರೀತಾರಂತೆ. ಓಗೊಟ್ಟೀಯಾ, ಜೋಕೆ!"

ಆಮೇಲೆ ಅವನು ಈಜಲು ಇಳಿದಿದ್ದ. ದೋಣಿಯಲ್ಲಿ ತನ್ನ ಫೋನ್ ರಿಂಗಾದದ್ದು ಕೇಳಿಸಿತ್ತು. ಹತ್ತಿ ಬರುವಷ್ಟರಲ್ಲಿ ಫೋನೂ ಇಲ್ಲ, ನಗುವೂ ಇಲ್ಲ.

"ಸೈಕಾಲ್, ನಿಜ ಹೇಳೆ. ಮನೆಯಿಂದ ಫೋನ್ ಬಂದಿತ್ತು ತಾನೆ?"

ಅವಳ ಕಣ್ಣು ತುಂಬಿತು. "ಹೂಂ. ನಿನ್ನನ್ನ ಕರ್ಕೊಂಡು ಬನ್ನಿ ಅಂದ್ರು. ಇನ್ನೇನೂ ಕೇಳ್ಬೇಡ ಕಣೋ."

ತಾಲಾಯ್ ತೊಡೆ ತಟ್ಟಿ ನಕ್ಕ. "ಸೋತ್ಲಾ ಮುದುಕಿ! ಇದಕ್ಕೆ ಇಷ್ಟು ಗುಟ್ಟಾ?" ಎಷ್ಟು ದಿನದಿಂದ ಅವನಿಗೆ ಈ ಒಂದು ಕರೆ ಬೇಕಾಗಿತ್ತು! ಹೋದೊಡನೆ ಕಾಲು ಹಿಡಿದು, ತಪ್ಪಾಯ್ತಮ್ಮ ಎನ್ನಬೇಕು. ಅಷ್ಟೇ ಸಾಕು.

ಮಧ್ಯಾಹ್ನದ ಹೊತ್ತಿಗೆ ಹಳ್ಳಿ ಕಂಡಿತು. ಅವನ ಮನೆಯಂಗಳದಲ್ಲಿ ಬಿಳಿಯ ದುಂಡು ಗುಡಾರ ಎದ್ದಿತ್ತು. ಪಕ್ಕದಲ್ಲಿ ಒಲೆಯ ಹೊಗೆ, ಸುತ್ತ ಜನ.

"ನೋಡ್ರೋ, ಮದುವೆ ಗಂಡಿಗೆ ಹಾಕ್ಸೋ ಹಾಗೆ ಗುಡಾರ ಹಾಕ್ಸಿದಾಳೆ! ಕುರಿನೂ ಕಡಿಸಿರ್ತಾಳೆ!"

ಕುಬಾತ್ ಹಾಯಿ ಇಳಿಸಿದ. "ಟೋಪಿ ಹಾಕ್ಕೋ, ಬರಿದಲೇಲಿ ಹೋಗ್ಬಾರ್ದು," ಎಂದಷ್ಟೇ ಹೇಳಿದ.

ತಾಲಾಯ್ ಮೊಣಕಾಲುದ್ದದ ನೀರಿಗೆ ಹಾರಿ ಮನೆಯತ್ತ ಓಡಿದ. ಗುಡಾರದ ಹೊರಗೆ ಗಂಡಸರು ಕೋಲೂರಿ ಸಾಲಾಗಿ ನಿಂತಿದ್ದರು. ಸೋದರಮಾವ ಎದುರು ಬಂದು ಅವನ ಕೈಗೂ ಒಂದು ಕೋಲು ಕೊಟ್ಟ, ಸಾವಿನ ಮನೆಯ ಗಂಡಸರು ಊರುವ ಕೋಲು. ಇಂಥ ಸುದ್ದಿಯನ್ನು ದಾರಿಯಲ್ಲಿ ಯಾರೂ ಹೇಳುವಂತಿಲ್ಲ. ಅಂಗಳದಲ್ಲಿ, ಹಿರಿಯರ ಬಾಯಿಂದಲೇ ಬರಬೇಕು.

"ನಸುಕಲ್ಲೇ ಹೋಗ್ಬಿಟ್ಲು ಕಣಪ್ಪಾ," ಎಂದ ಮಾವ. "ಕೊನೇ ಉಸಿರಲ್ಲಿ ಸರೋವರದ ಕಡೆ ತಿರುಗಿ, ಬೋತೊಮ್ ಅಂತ ಒಂದೇ ಸಲ ಕೂಗಿದ್ಲು."