ಸಮುದ್ರದ ವಿಡಿಯೋದಲ್ಲಿ ಕುಕ್ಕರಿನ ಕೂಗು

ಎಪ್ಪತ್ತೊಂದನೇ ವಯಸ್ಸಿಗೆ ನಾನು ಮೊದಲ ಸಲ ಸಮುದ್ರ ನೋಡಿದೆ...

ಮಗ ರುದ್ರೇಶ ಅಂಚೆ ಇಲಾಖೆಯಲ್ಲಿದ್ದಾನೆ. ಅವನಿಗೆ ಎಲ್‌ಟಿಸಿ, ಅಂದರೆ ಸರ್ಕಾರಿ ಖರ್ಚಿನ ಪ್ರವಾಸ ಸಿಕ್ಕಿತು. ದಾವಣಗೆರೆಯಿಂದ ಐದು ಜನ ಅಂಡಮಾನಿಗೆ ಹೊರಟೆವು. ಮಗ, ಸೊಸೆ ಶಶಿಕಲಾ, ಮೊಮ್ಮಗಳು ಇಂಚರ, ನಾನು, ನನ್ನ ಹೆಂಡತಿ ಹಾಲಮ್ಮ.

ವಿಮಾನದ ಕಿಟಕಿಯಲ್ಲಿ ನೀರು ಕಂಡಾಗ ಹಾಲಮ್ಮ ನನ್ನ ಕಿವಿಯ ಹತ್ತಿರ ಬಂದಳು.

“ನನಗ ಬ್ಯಾರೆ ಏನೂ ಬ್ಯಾಡ್ರಿ... ಮೊಣಕಾಲುಮಟ ನೀರಾಗ ಒಂದಿಷ್ಟು ಹೊತ್ತು ನಿಂತು ಬಂದ್ರ ಸಾಕು.”

ಆಗಲಿ ಅಂದೆ. ಅಂದು ಮರೆತೆ...

ನಮ್ಮ ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಮೂರು ಲೀಟರಿನ ಕುಕ್ಕರ್ ಇತ್ತು. ಜೊತೆಗೆ ಅಕ್ಕಿ, ಬೇಳೆ, ಸಾರಿನ ಪುಡಿ. ಅದೆಲ್ಲ ನನಗಾಗಿ.

ಅದು ಹಳೇ ವಿಷಯ. ನಾನು ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ತಿಳಿಸಾರು ಉಣ್ಣಬೇಕು ಅಂತ ಡಾಕ್ಟರು ಹೇಳಿದ್ದರು.

ಮಧ್ಯಾಹ್ನದ ಸೈರನ್ ಆಗುವಷ್ಟರಲ್ಲಿ ಹಾಲಮ್ಮ ಕ್ಯಾರಿಯರ್ ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು. ಮೈಯಲ್ಲಿ ಜ್ವರ ಇದ್ದಾಗಲೂ... ರುದ್ರೇಶ ಹೊಟ್ಟೆಯಲ್ಲಿದ್ದು ಏಳು ತಿಂಗಳಾಗಿದ್ದಾಗಲೂ...

ಹುಣ್ಣು ವಾಸಿಯಾಯಿತು. ಮಿಲ್ಲೂ ಮುಚ್ಚಿತು. ನನ್ನ ಮಧ್ಯಾಹ್ನ ಒಂದು ಗಂಟೆಯ ಬಿಸಿ ಅನ್ನ ಮಾತ್ರ ಹಾಗೇ ಮುಂದುವರಿಯಿತು.

ವಿಮಾನ ಇಳಿದು ಬೋಟಿನಲ್ಲಿ ಒಂದು ಸಣ್ಣ ದ್ವೀಪಕ್ಕೆ ಹೋದೆವು. ಅಲ್ಲಿ ಒಬ್ಬ ಬಂಗಾಳಿ ಹೆಂಗಸಿನ ಹೋಮ್‌ಸ್ಟೇಯಲ್ಲಿ ಇಳಿದುಕೊಂಡೆವು. ಬಾಗಿಲು ತೆರೆದರೆ ತೆಂಗಿನ ಮರ, ಬಿಳಿ ಮರಳು, ಅದರಾಚೆ ಹಸಿರು ಗಾಜಿನಂಥ ನೀರು.

ಕೋಣೆಯ ಹಿಂದೆ ಒಂದು ಸಣ್ಣ ಅಡುಗೆಮನೆ. ಅದರ ಕಿಟಕಿಯಿಂದ ಬಾಳೆಗಿಡಗಳಷ್ಟೇ ಕಾಣುತ್ತಿದ್ದವು.

ನಿಮಗೂ ನಾನೇ ಅಡುಗೆ ಮಾಡುತ್ತೇನೆ, ಬರೀ ತರಕಾರಿ ಹಾಕುತ್ತೇನೆ ಅಂತ ಆ ಹೆಂಗಸು ಹಿಂದಿಯಲ್ಲಿ ಹೇಳಿದರು. ನಾನೇ ಬೇಡ ಅಂದೆ. ಸಾಸಿವೆ ಎಣ್ಣೆಯ ವಾಸನೆ ನನಗಾಗದು ಅಂದೆ.

ಸೊಸೆ ಸಹಾಯಕ್ಕೆ ಹೋದರೆ ಹಾಲಮ್ಮ ಬಿಡಲಿಲ್ಲ. ವರ್ಷವಿಡೀ ಆಫೀಸು, ಮನೆ ಅಂತ ಓಡಾಡುತ್ತೀ, ಹೋಗಿ ನೀರಿಗಿಳಿ ಅಂತ ಕಳಿಸಿಬಿಟ್ಟಳು. ನೀವು ಯಾವಾಗ ಬರುತ್ತೀರಿ ಅಂತ ಕೇಳಿದರೆ, ಸಂಜೆ ನೋಡೋಣ ಅನ್ನುತ್ತಿದ್ದಳು.

ಸಂಜೆಗೆ ರಾತ್ರಿಯ ಅಡುಗೆ ಕಾದಿರುತ್ತಿತ್ತು...

ನಾನು ತೆಂಗಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿ ಅಲೆ ನೋಡುತ್ತಿದ್ದೆ. ಹಿಂದಿನಿಂದ ಕುಕ್ಕರ್ ಕೂಗಿತೆಂದರೆ ಮಗ ತಮಾಷೆ ಮಾಡುತ್ತಿದ್ದ.

“ಅಪ್ಪಾಜಿ, ಸೈರನ್ ಆತು. ಶಿಫ್ಟ್ ಮುಗೀತು, ನಡೀರಿ ಊಟಕ್ಕ.”

ನಾನೂ ನಗುತ್ತಿದ್ದೆ.

ಹೀಗೇ ನಾಲ್ಕು ದಿನ ಕಳೆಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ವಾಪಸು ಹೋಗುವ ಬೋಟು.

ಆ ಸಂಜೆ ಚಹಾ ಕುಡಿಯುವಾಗ ಇಂಚರ ತಾನು ತೆಗೆದ ಫೋಟೋಗಳನ್ನು ತೋರಿಸಿದಳು. ನಡುವೆ ಒಂದು ವಿಡಿಯೋ ಬಂತು. ಬರೀ ಸಮುದ್ರ... ಅಲೆಯ ಸದ್ದು... ಇದ್ದಕ್ಕಿದ್ದಂತೆ ಕುಕ್ಕರಿನ ಉದ್ದನೆಯ ಕೂಗು.

ಎಲ್ಲರೂ ನಕ್ಕೆವು. ಇನ್ನೊಂದು ಸಲ ಹಾಕವ್ವ ಅಂದೆ.

ಎರಡನೇ ಸಲ ನನಗೆ ನಗು ಬರಲಿಲ್ಲ.

ಮೊದಲಿಂದ ಎಲ್ಲ ತೋರಿಸು ಅಂದೆ. ಇನ್ನೂರಕ್ಕೂ ಮೇಲೆ ಫೋಟೋ ಇದ್ದವು. ನಾನು ಜೋಲಿಯಲ್ಲಿ, ಮಗ ನೀರಿನಲ್ಲಿ, ಸೊಸೆ ಮರಳಿನಲ್ಲಿ... ದಾರಿಯ ನಾಯಿ ಕೂಡ ಮೂರು ಕಡೆ ಇತ್ತು.

ಹಾಲಮ್ಮ ಒಂದರಲ್ಲೂ ಇರಲಿಲ್ಲ.

ನಾಲ್ಕು ದಿನದಲ್ಲಿ ಅವಳು ಇದ್ದದ್ದು ಒಂದೇ ಕಡೆ... ಆ ಕೂಗಿನಲ್ಲಿ.

ಬೆಳಿಗ್ಗೆ ಬೇಗ ಎದ್ದೆ. ಅವಳು ನನಗಿಂತ ಮುಂಚೆ ಎದ್ದು ಅಕ್ಕಿ ತೊಳೆದಿಟ್ಟಿದ್ದಳು. ಬೋಟಿನಲ್ಲಿ ನನಗೆ ಚಿತ್ರಾನ್ನ ಬೇಕಲ್ಲ...

ಅವಳು ಆಚೆ ಹೋದಾಗ ಕುಕ್ಕರಿನ ವೇಟು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಹೋಗಿ ನೀರಿನ ಅಂಚಿನಲ್ಲಿ ನಿಂತೆ.

ಸ್ವಲ್ಪ ಹೊತ್ತಿಗೆ ಹುಡುಕಿಕೊಂಡು ಬಂದಳು.

“ಏನ್ರಿ, ಕುಕ್ಕರಿನ ವೇಟು ಕಾಣ್ತಿಲ್ಲ. ನೋಡೀರೇನು?”

“ನನ್ನ ಜೇಬಿನಾಗ ಐತಿ. ಚಪ್ಪಲಿ ಅಲ್ಲೇ ಬಿಟ್ಟು ಬಾ.”

“ಬೋಟಿಗೆ ಹೊತ್ತಾಗ್ತತಿ. ನಿಮಗ ಹೊರಗಿನ ಊಟ ಆಗಲ್ಲ.”

“ಇವತ್ತಿಂದ ಆಗ್ತತಿ. ಬಾ.”

ಒಂದು ಗಳಿಗೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಸೀರೆ ಎತ್ತಿ ಹಿಡಿದು ಇಳಿದಳು... ಪಾದ ಮುಳುಗಿತು. ಮೊಣಕಾಲು ಮುಳುಗಿತು. ಉಗುರಿನಷ್ಟು ಸಣ್ಣ ಮೀನುಗಳು ಅವಳ ಕಾಲುಂಗುರದ ಹತ್ತಿರ ಬಂದು ಬಂದು ಹೋದವು.

ಬಗ್ಗಿ ನೀರನ್ನು ಅಂಗೈಯಲ್ಲಿ ತುಂಬಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ಮಿಲ್ಲಿನ ಸೈರನ್ ನಿಂತು ಎಷ್ಟು ವರ್ಷ ಆತ್ರಿ?”

“ಇಪ್ಪತ್ತೈದರ ಮ್ಯಾಲಾತು.”

“ನನ್ನ ಕಿವ್ಯಾಗ ಅದು ನಿಂತಿದ್ದು ಇವತ್ತು ನೋಡ್ರಿ...”

ನನ್ನ ಕಣ್ಣು ತುಂಬಿತು. ಅವಳಿಗೆ ಕಾಣದ ಹಾಗೆ ದಡದ ಕಡೆ ತಿರುಗಿದೆ. ಅಲ್ಲಿ ಇಂಚರ ಫೋನು ಹಿಡಿದು ನಿಂತಿದ್ದಳು.

ಅವತ್ತು ತೊಳೆದ ಅಕ್ಕಿ ಆ ಮನೆಯ ಕೋಳಿಗಳ ಪಾಲಾಯಿತು. ಆ ಬಂಗಾಳಿ ತಾಯಿ ಪೂರಿ, ಆಲೂಗಡ್ಡೆ ಪಲ್ಯ ಮಾಡಿ ಬಡಿಸಿದರು. ಒದ್ದೆ ಸೀರೆಯ ಅಂಚು ಹಿಂಡಿಕೊಂಡು ಹಾಲಮ್ಮ ನಮ್ಮ ಜೊತೆಗೇ ಕೂತು ತಿಂದಳು.

ಸಾಸಿವೆ ಎಣ್ಣೆಯ ವಾಸನೆ ಬಂತು. ನನಗೇನೂ ಆಗಲಿಲ್ಲ. ಮೂರನೇ ಪೂರಿಯನ್ನು ಕೇಳಿ ಹಾಕಿಸಿಕೊಂಡೆ.

ಈಗ ಪ್ರತಿ ಭಾನುವಾರ ಆ ವೇಟು ನನ್ನ ಜೇಬಿನಲ್ಲಿರುತ್ತದೆ. ಅವತ್ತು ಪಾತ್ರೆಯಲ್ಲಿ ಅನ್ನ ಮಾಡುವವನು ನಾನು. ಒಮ್ಮೊಮ್ಮೆ ಮುದ್ದೆಯಾಗುತ್ತದೆ... ಹಾಲಮ್ಮ ಇನ್ನೊಂದು ಸೌಟು ಸಾರು ಹಾಕಿಕೊಂಡು ಉಣ್ಣುತ್ತಾಳೆ.

ಒಬ್ಬರು ಒಲೆಯ ಮುಂದೆಯೇ ಉಳಿದರೆ, ಮನೆಯವರೆಲ್ಲ ಪ್ರವಾಸಕ್ಕೆ ಹೋದ ಹಾಗಾಗಲಿಲ್ಲ.

ನಿಮ್ಮ ಫೋನಿನಲ್ಲಿರುವ ಫೋಟೋಗಳನ್ನು ಒಂದು ಸಲ ನಿಧಾನವಾಗಿ ನೋಡಿ... ನಿಮ್ಮ ಮನೆಯವರಲ್ಲಿ ಯಾರು ಅವುಗಳಲ್ಲಿ ಇಲ್ಲ?