ಉಚಿತ ಸೀಟು

ಸಿ.ಎ. ತರಬೇತಿ ಕೇಂದ್ರದಲ್ಲಿ ಬಡ ಮಕ್ಕಳಿಗೆಂದು ಇದ್ದ ಒಂದೇ ಉಚಿತ ಸೀಟು ಒಬ್ಬ ಹುಡುಗಿಗೆ ಸಿಕ್ಕಿತ್ತು. ದಾನಿಗಳ ಸಭೆ ಶುರುವಾಗುವ ಮುಂಚೆ ನಿರ್ದೇಶಕರು ಅವಳನ್ನು ವೇದಿಕೆಯ ಪಕ್ಕಕ್ಕೆ ಕರೆದರು.

“ಮಾತಾಡುವಾಗ ಅಪ್ಪ ತೀರಿಕೊಂಡಿದ್ದಾರೆ ಅಂತ ಹೇಳಮ್ಮ. ಸ್ವಲ್ಪ ಕಣ್ಣೀರೂ ಬರಲಿ.”

“ನಮ್ಮಪ್ಪ ಬದುಕಿದ್ದಾರೆ ಸರ್. ಹೊಸ ಅಂಗಿ ಹಾಕ್ಕೊಂಡು ಬಂದು ಬಾಗಿಲಲ್ಲೇ ನಿಂತಿದ್ದಾರೆ.”

“ಹೊಸ ಅಂಗಿನಾ? ಹಾಗಾದ್ರೆ ಒಳಗೆ ಬಿಡೋದೇ ಬೇಡ. ದಾನಿಗಳು ನೋಡಿದ್ರೆ ನಿಮ್ಮನ್ನ ಬಡವರು ಅಂತಾರಾ?”

“ನಾನು ಹಾಗೆ ಹೇಳದಿದ್ರೆ?”

“ಆ ಸೀಟಿಗೆ ಬೇರೆ ಬಡವರು ಸಿಗ್ತಾರೆ.”

ಅಷ್ಟರಲ್ಲಿ ಸಭೆ ಶುರುವಾಗಿ, ವೇದಿಕೆಯಿಂದ ಅವಳ ಹೆಸರು ಕೂಗಿದರು. ಹುಡುಗಿ ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡಳು. ನಿರ್ದೇಶಕರು ಮೆಚ್ಚಿ ತಲೆಯಾಡಿಸಿದರು.

“ನಮ್ಮಪ್ಪ ಈಗಷ್ಟೇ ತೀರಿಕೊಂಡ್ರು,” ಎಂದಳು. “ನಿರ್ದೇಶಕರೇ ಸಾಯಿಸಿದ್ದು. ಅಪ್ಪಾ, ಒಳಗೆ ಬಾ.”