ತಿಪ್ಪಿಗೆ ಹೇಳಬಾರದ ಮಾತು

"ಬೇಡಿ ಮಿಸ್ಸಮ್ಮ, ಅದೊಂದು ಮಾತು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ!" ಎಂದು ರಮಾಮಣಿ ಪುಸ್ತಕವನ್ನೇ ಮುಚ್ಚಿಬಿಟ್ಟಳು.

ಪಾಠ ಹೇಳಲು ಬಂದಿದ್ದ ಕ್ರಿಸ್ತಿನಾ ಕಕ್ಕಾಬಿಕ್ಕಿಯಾದಳು. ಅಷ್ಟು ಹೊತ್ತೂ ಎಲ್ಲ ಸರಾಗವಾಗಿ ನಡೆದಿತ್ತು. ರಮಾಮಣಿಯ ಗಂಡ ಲಕ್ಷ್ಮೀನರಸಿಂಹ ಅರಮನೆಯ ಕಚೇರಿಯಲ್ಲಿದ್ದ. ಹೆಂಡತಿಗೂ ನಾಲ್ಕು ಮಾತು ಇಂಗ್ಲಿಷ್ ಬರಲಿ ಎಂಬುದು ಅವನ ಹಟ. ಊಟ ಮುಗಿದ ಮಧ್ಯಾಹ್ನ, ಅಗ್ರಹಾರದ ಆ ತೊಟ್ಟಿಮನೆಯಲ್ಲಿ ಬಿಸಿಲೂ ತೂಕಡಿಸುತ್ತಿತ್ತು. ದೂರದಲ್ಲಿ ಅರಮನೆಯ ಬ್ಯಾಂಡಿನವರು ಒಂದೇ ರಾಗವನ್ನು ಮತ್ತೆ ಮತ್ತೆ ನುಡಿಸಿ ಅಭ್ಯಾಸ ಮಾಡುತ್ತಿದ್ದರು. ತಂಬಿಗೆ, ಬಿಂದಿಗೆ, ಹಂಡೆಗಳನ್ನು ಸಾಲಾಗಿ ಇಟ್ಟುಕೊಂಡು ರಮಾಮಣಿ ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಎಂದು ಒಪ್ಪಿಸಿದ್ದಳು. ತುಳಸಿಕಟ್ಟೆ, ಕಂಬ, ಹಿತ್ತಲ ತೆಂಗಿನಮರ ತೋರಿಸಿ ಟಾಲ್, ಟಾಲರ್, ಟಾಲೆಸ್ಟ್ ಎಂದಿದ್ದಳು. ಹೇಳುತ್ತ ಹೇಳುತ್ತ ಕಣ್ಣು ಎಳೆಯುತ್ತಿತ್ತು, ಹಿತವಾಗಿತ್ತು. ಕೊನೆಗೆ ಕ್ರಿಸ್ತಿನಾ, ಚಾಪೆಯ ಮೇಲೆ ನಿದ್ದೆಹೋಗಿದ್ದ ನಾಲ್ಕು ವರ್ಷದ ಮಗಳ ಕಡೆ ಬೆರಳು ತೋರಿಸಿ, "ಈಗ ಇವಳ ಮೇಲೆ ಒಂದು ವಾಕ್ಯ. ಬ್ಯೂಟಿಫುಲ್, ಮೋರ್ ಬ್ಯೂಟಿಫುಲ್, ಮೋಸ್ಟ್ ಬ್ಯೂಟಿಫುಲ್. ಎಲ್ಲಿ, ಹೇಳಿ" ಎಂದಿದ್ದಳು. ಅಲ್ಲಿಗೆ ಪಾಠ ನಿಂತಿತು.

"ಹಾಗಂದ್ರೆ ಏನಮ್ಮ?" ಆಚೆ ಕಂಬಕ್ಕೊರಗಿ ದೀಪದ ಬತ್ತಿ ಹೊಸೆಯುತ್ತಿದ್ದ ಅತ್ತೆ ತಿರುಮಲಮ್ಮ ಕೇಳಿದರು. ಕ್ರೈಸ್ತರ ಹುಡುಗಿ ಮನೆಯಲ್ಲಿರುವಷ್ಟು ಹೊತ್ತೂ ಅವರು ಆ ಕಂಬ ದಾಟಿ ಈಚೆಗೆ ಬರುತ್ತಿರಲಿಲ್ಲ. ಮಡಿ ಕೆಡುತ್ತದೆಂಬ ಭಯ. ಕಿವಿ ಮಾತ್ರ ಪಾಠದಲ್ಲೇ ಇರುತ್ತಿತ್ತು.

"ಎಲ್ಲರಿಗಿಂತ ಚೆಂದ ಅಂತ, ಅಮ್ಮ."

"ರಾಮ ರಾಮ! ಬಿಡ್ತು ಅನ್ನಮ್ಮ, ಬಿಡ್ತು ಅನ್ನು!" ಬತ್ತಿಯನ್ನು ಅಲ್ಲೇ ಎಸೆದು ತಿರುಮಲಮ್ಮ ಅಡಿಗೆಮನೆಗೆ ಓಡಿದರು. ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು, ಕಂಬದಾಚೆಯಿಂದಲೇ ಕೈ ಚಾಚಿ ಮಲಗಿದ್ದ ಮಗುವಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಹೊಡೆದು ಮೂವರೂ ಕೆಮ್ಮಿದರು. "ಸದ್ಯ, ಘಾಟು ಬಂತು. ದೃಷ್ಟಿ ತಾಕಿಲ್ಲ" ಎಂದು ಮುದುಕಿ ಕಣ್ಣೊರೆಸಿಕೊಂಡು ಮತ್ತೆ ಕಂಬದ ಬುಡ ಸೇರಿದರು.

ರಮಾಮಣಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. "ಇವಳಿಗಿಂತ ಮುಂಚೆ ಇನ್ನಿಬ್ಬರಿದ್ರು, ಮಿಸ್ಸಮ್ಮ. ಮೊದಲನೇದು ಹೊಸಿಲು ದಾಟೋ ಮುಂಚೇನೇ ಹೋಯ್ತು. ದಸರಾ ಗೊಂಬೆ ನೋಡೋಕೆ ಬಂದೋರೆಲ್ಲ ಎರಡನೇದನ್ನ ನೋಡಿ, ಎಲ್ಲಕ್ಕಿಂತ ಚೆಂದದ ಗೊಂಬೆ ಇದೇ ಅಂದ್ರು. ದೀಪಾವಳಿಗೆ ಅದೂ ಇರಲಿಲ್ಲ. ಅದಕ್ಕೇ ಇವಳನ್ನ ಹುಟ್ಟಿದ ತಕ್ಷಣ ಮೊರದಲ್ಲಿಟ್ಟು ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದ್ವಿ. ತಿಪ್ಪಮ್ಮ ಅಂತಲೇ ಹೆಸರಿಟ್ವಿ. ಇದು ಯಾರಿಗೂ ಬೇಡದ ಕೂಸು ಅಂತ ಯಮ ನಂಬಬೇಕಲ್ಲ?"

ಅಂದಿನಿಂದ ಆ ಮಗುವಿನ ಕಿವಿಗೆ ಒಂದೂ ಒಳ್ಳೆಯ ಮಾತು ಬಿದ್ದಿರಲಿಲ್ಲ. ಎದ್ದರೆ ಕಪ್ಪಿ, ಕೂತರೆ ಸೊಟ್ಟಮೂಗಿ. ನೋಡಿದರೆ ಮಗು ಕಪ್ಪೂ ಅಲ್ಲ, ಮೂಗು ಸೊಟ್ಟವೂ ಅಲ್ಲ. ಹೆತ್ತವಳಿಗೆ ಆಸೆ ಇರುವುದಿಲ್ಲವೇ? ತಲೆ ಬಾಚುವಾಗ, ಎಣ್ಣೆ ಒತ್ತುವಾಗ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ರಮಾಮಣಿ ಪ್ರತಿಸಲವೂ ನುಂಗಿಕೊಳ್ಳುತ್ತಿದ್ದಳು.

"ನಿನ್ನೆ ಕನ್ನಡಿ ಮುಂದೆ ನಿಂತ್ಕೊಂಡು ಕೇಳಿದಳು, ಅಮ್ಮಾ, ನಾನ್ಯಾಕೆ ಚೆನ್ನಾಗಿಲ್ಲ ಅಂತ" ಎಂದಳು ರಮಾಮಣಿ ಮೆಲ್ಲಗೆ. "ಏನು ಹೇಳಲಿ, ಮಿಸ್ಸಮ್ಮ? ಸುಮ್ಮನೆ ಜಡೆ ಹೆಣೆದೆ."

ಕ್ರಿಸ್ತಿನಾ ತಲೆ ತಗ್ಗಿಸಿದಳು. "ತಪ್ಪಾಯ್ತು. ನಮ್ಮನೇಲೂ ಅಷ್ಟೇ. ಚರ್ಚಿಗೆ ಹೊರಟಾಗಲೂ ನಮ್ಮಮ್ಮ ನನ್ನ ಕೆನ್ನೆಗೊಂದು ಕಪ್ಪು ಬೊಟ್ಟು ಇಡ್ತಿದ್ರು."

ಬ್ಯಾಂಡಿನ ರಾಗ ಗಾಳಿಯಲ್ಲಿ ಬಂತು, ಹೋಯಿತು, ಮತ್ತೆ ಬಂತು. ಘಾಟಿನ ಹೊಗೆ ತೊಟ್ಟಿಯ ಬಿಸಿಲಲ್ಲಿ ನೀಲಿಯಾಗಿ ತೇಲುತ್ತಿತ್ತು. ತಿಪ್ಪಿ ನಿದ್ದೆಯಲ್ಲೇ ತುಟಿ ಚಪ್ಪರಿಸಿದಳು. ತಿರುಮಲಮ್ಮ ಬತ್ತಿ ಹೊಸೆಯುವುದನ್ನು ಬಿಟ್ಟು ಮೊಮ್ಮಗಳನ್ನೇ ನೋಡುತ್ತಿದ್ದರು.

"ಅಲ್ಲಮ್ಮ," ಎಂದರು ಕೊನೆಗೆ, "ಯಮನಿಗೆ ಇಂಗ್ಲಿಷ್ ಬರುತ್ತಾ?"

ಕ್ರಿಸ್ತಿನಾ ಯೋಚಿಸಿದಳು. "ನಿಮ್ಮ ಯಮನ ವಿಚಾರ ನನಗೆ ಗೊತ್ತಿಲ್ಲ, ಅಮ್ಮ. ನಮ್ಮ ಚರ್ಚಿನಲ್ಲಿ ಪಾದ್ರಿಗಳು ದೇವರ ಹತ್ರ ಲ್ಯಾಟಿನ್ನಲ್ಲಿ ಮಾತಾಡ್ತಾರೆ."

"ನೋಡಿದೆಯಾ! ನಿಮ್ಮ ದೇವರಿಗೇ ಬರಲ್ಲ. ಇನ್ನು ನಮ್ಮ ಕೋಣದ ಮೇಲೆ ಬರೋನಿಗೆ ಎಲ್ಲಿಂದ ಬರಬೇಕು?" ಮುದುಕಿ ಬೀದಿಬಾಗಿಲ ಕಡೆ ಕಣ್ಣುಹಾಯಿಸಿದರು. "ರಮಾ, ಅಗಳಿ ಹಾಕ್ಕೊಂಡು ಬಾ. ಹೇಳ್ಬುಡು."

ಅಗಳಿ ಬಿತ್ತು. ರಮಾಮಣಿ ಮಗಳ ಪಕ್ಕ ಮಂಡಿಯೂರಿ ಕಿವಿಯ ಹತ್ತಿರ ಬಾಗಿದಳು. "ತಿಪ್ಪಿ ಈಸ್ ದಿ ಮೋಸ್ಟ್ ಬ್ಯೂಟಿಫುಲ್ ಗರ್ಲ್ ಇನ್ ಮೈಸೂರ್." ಎಲ್ಲೂ ತಡವರಿಸಲಿಲ್ಲ. ಹೇಳಿ ಮುಗಿದ ಮೇಲೂ ಅಲ್ಲಿಂದ ಏಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ತಿರುಮಲಮ್ಮ ಕಂಬ ಬಿಟ್ಟು ಎದ್ದರು. ಬಂದು ಕ್ರಿಸ್ತಿನಾಳ ಪಕ್ಕದಲ್ಲೇ, ಸೆರಗಿಗೆ ಸೆರಗು ತಾಗುವಂತೆ ಕೂತರು. "ನನಗೂ ಹೇಳಿಕೊಡಮ್ಮ. ನಿಧಾನವಾಗಿ."

ನಾಲ್ಕಾರು ಸಲ ಹೇಳಿಸಿಕೊಂಡು, ಬಾಯಲ್ಲೇ ಹೊರಳಿಸಿ ನೋಡಿ, ಅಜ್ಜಿ ಮೊಮ್ಮಗಳ ಹಣೆಯ ಮೇಲಿನ ಕೂದಲು ಸರಿಸಿ ಉಸುರಿದರು: "ಮೋಸ್ಟು ಬೂಟಿಫುಲ್ಲು."

ತಿಪ್ಪಿ ಅರ್ಧ ಕಣ್ಣು ತೆರೆದಳು. "ಹಾಗಂದ್ರೆ ಏನಜ್ಜಿ?"

ತಿರುಮಲಮ್ಮ ಗಾಬರಿಯಿಂದ ತೊಟ್ಟಿಯ ಮೇಲಿನ ಆಕಾಶ ನೋಡಿದರು. ಅಲ್ಲಿಗೆ ಕೇಳಿಸುವಂತೆ ಗಟ್ಟಿಯಾಗಿ ಕೂಗಿದರು: "ಕಪ್ಪಿ ಅಂತ ಕಣೇ! ಸೊಟ್ಟಮೂಗಿ ಅಂತ!"

ತಿಪ್ಪಿ ಅಜ್ಜಿಯ ಮುಖವನ್ನೊಮ್ಮೆ ನೋಡಿದಳು, ಅಮ್ಮನ ಒದ್ದೆ ಮುಖವನ್ನೊಮ್ಮೆ ನೋಡಿದಳು. ಮತ್ತೆ ಕಣ್ಣು ಮುಚ್ಚಿ ನಗುತ್ತ, "ಇನ್ನೊಂದ್ಸಲ ಹೇಳಜ್ಜಿ" ಎಂದಳು.